ಗೂಡು ಬಿಟ್ಟ ಹಕ್ಕಿ

ನಮ್ಮ ಮನೆಯ ಮುಂದಣ ಜಗಲಿಯ ಕಂಬಕ್ಕೆ ಒಂದು ಮಲ್ಲಿಗೆಯ ಬಳ್ಳಿ ಹಬ್ಬಿಕೊಂಡಿದೆ. ಅದನ್ನು ನೆಟ್ಟವಳು ನನ್ನ ಹೆಂಡತಿ, ನೀರೆರೆಯುವವಳೂ ಅವಳೇ. ಆ ಬಳ್ಳಿಯ ವಿಷಯದಲ್ಲಿ ನನಗಿರುವ ಅಧಿಕಾರವೆಂದರೆ ಸಂಜೆಯ ಹೊತ್ತು ಅದರ ಬಳಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುವುದು ಮಾತ್ರ. ಕಳೆದ ಚೈತ್ರಮಾಸದಲ್ಲಿ ಹೀಗೆ ಕುಳಿತಿದ್ದಾಗ ಒಂದು ಜೊತೆ ಪಿಕಳಾರದ ಹಕ್ಕಿಗಳು ಆ ಬಳ್ಳಿಯೊಳಕ್ಕೆ ಪದೇ ಪದೇ ನುಗ್ಗಿ ಹೊರಬರುತ್ತಿರುವುದನ್ನು ಕಂಡೆನು. ತಲೆಯ ಮೇಲೆ ಕರಿಯ ಜುಟ್ಟು, ಕೆನ್ನೆಯಲ್ಲಿ ಒಂದು ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಇನ್ನೊಂದು ಕೆಂಪು. ಈ ಹಕ್ಕಿಯನ್ನು ನಮ್ಮ ಸೀಮೆಯಲ್ಲಿ ಕಾಣದವರು ವಿರಳ. ನಾಲ್ಕೈದು ದಿನಗಳೊಳಗಾಗಿ ಅವು ಒಣಗಿದ ಬೇರು ನಾರುಗಳಿಂದ ಬಟ್ಟಲಿನಾಕಾರದ ಒಂದು ಗೂಡನ್ನು ಕಟ್ಟಿ ಮುಗಿಸಿದುವು. ಬಳಿಕ ದಿನಕ್ಕೊಂದರಂತೆ ಮೂರು ಮೊಟ್ಟೆಗಳು ಬಂದುವು. ಹನ್ನೆರಡು ಹದಿಮೂರು ದಿನ ಕಾವು ಕೊಟ್ಟ ಮೇಲೆ ಮೂರೂ ಒಡೆದು, ರೆಕ್ಕೆಪುಕ್ಕಗಳಿಲ್ಲದ ಮೂರು ಮಾಂಸದ ಮುದ್ದೆಗಳು ಬಾಯಿ ತೆರೆದುಕೊಂಡು ಕುಳಿತುವು.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ಅನಂತರ ನಡೆದುದಕ್ಕೆ ಹೊಣೆ ನಾನೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಗಲಿಗೆ ಹೊಸ ಕಲ್ಲು ಹಾಸಿಸುವ ಕೆಲಸವನ್ನು ಅದೇ ವಾರಕ್ಕೆ ಗೊತ್ತುಮಾಡಿದ್ದೆನು. ಮುಂದಕ್ಕೆ ಹಾಕೋಣವೆಂದು ಹೆಂಡತಿ ಹೇಳಿದಳು. ಮೇಸ್ತ್ರಿ ಮತ್ತೆ ಸಿಕ್ಕುವುದು ಕಷ್ಟವೆಂದು ನಾನು ಕೇಳಲಿಲ್ಲ. ಗೂಡಿನಿಂದ ನಾಲ್ಕು ಮಾರು ದೂರದಲ್ಲಿ ಕಲ್ಲು ಕೊಯ್ಯುವ ಯಂತ್ರವು ಎರಡು ದಿನ ಕಿರುಚಿತು. ಸಾಲದುದಕ್ಕೆ ಬೇಸಗೆಯ ರಜೆಗೆಂದು ಮೊಮ್ಮಕ್ಕಳು ಬಂದಿದ್ದರು. ಹಿರಿಯವನು ಕುರ್ಚಿಯ ಮೇಲೆ ಹತ್ತಿ, ಒಂದು ಮರಿಯನ್ನು ಅಂಗೈಯ ಮೇಲಿಟ್ಟುಕೊಂಡು, ತಮ್ಮನ ಕೈಗೆ ಮೊಬೈಲು ಕೊಟ್ಟು ಚಿತ್ರ ತೆಗೆಸಿಕೊಂಡನು. ಈ ಗದ್ದಲದಿಂದ ಆಕರ್ಷಿತವಾಯಿತೋ ಏನೋ, ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಗೋಡೆಯ ಮೇಲೆ ಬಂದು ಕೂರುವುದನ್ನು ರೂಢಿಮಾಡಿಕೊಂಡಿತು.

ಮೊದಲು ಹತ್ತು ನಿಮಿಷಕ್ಕೊಮ್ಮೆ ಹುಳುವನ್ನೋ ಹಣ್ಣನ್ನೋ ಕಚ್ಚಿಕೊಂಡು ಬರುತ್ತಿದ್ದ ತಾಯಿತಂದೆಗಳು ಗಂಟೆಗೊಮ್ಮೆ ಬರತೊಡಗಿದುವು. ಎದುರಿನ ತಂತಿಯ ಮೇಲೆ ಕುಳಿತು ಕೂಗುವುವು. ಬಳ್ಳಿಯವರೆಗೆ ಬಂದು ಹಿಂದಿರುಗುವುವು. ಎರಡನೆಯ ದಿನದ ಸಂಜೆಯ ಮೇಲೆ ಅವು ಬರಲೇ ಇಲ್ಲ. ಮರುದಿನ ಬೆಳಗ್ಗೆ ನೋಡುವಾಗ ಮೂರು ಮರಿಗಳೂ ತಣ್ಣಗಾಗಿದ್ದುವು.

ಆಗ ನಮ್ಮ ಅಕ್ಕನು ಊರಿನಿಂದ ಬಂದು ನಮ್ಮಲ್ಲಿ ಇದ್ದಳು. ಅವಳಿಗೆ ಈಗ ಎಪ್ಪತ್ತು ಸಮೀಪಿಸುತ್ತಿದೆ. ಗೂಡಿನ ಬಳಿ ನಾವೆಲ್ಲರೂ ಗುಂಪುಕೂಡಿದ್ದಾಗ ಎದುರುಮನೆಯ ಅಜ್ಜಿಯೂ ಬಂದು ಇಣಿಕಿ ನೋಡಿ, “ಮನುಷ್ಯರು ಮುಟ್ಟಿದರೆ ಹಕ್ಕಿ ಮತ್ತೆ ಮರಿಯನ್ನು ಸೇರಿಸುತ್ತದೆಯೇನಪ್ಪಾ?” ಎಂದರು. ನಾನು, “ಎಂಥ ತಾಯಿ ಇದು! ಎರಡು ದಿನದ ಸದ್ದಿಗೆ ಮಕ್ಕಳನ್ನು ಬಿಟ್ಟು ಓಡಿಹೋಯಿತಲ್ಲ!” ಎಂದೆನು. ಅಕ್ಕನು ಮಾತ್ರ ಮರಿಗಳನ್ನು ಒಂದು ಬಾಳೆಯ ಎಲೆಯ ಚೂರಿನಲ್ಲಿ ತೆಗೆದುಕೊಂಡು, ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿ ಮುಚ್ಚುತ್ತ, “ಪಾಪ, ಅದಕ್ಕೆ ಎಷ್ಟು ಹೆದರಿಕೆಯಾಗಿತ್ತೋ” ಎಂದಳು. ಅವಳು ಹೇಳಿದುದು ಮರಿಗಳನ್ನು ಕುರಿತಲ್ಲ, ತಾಯಿಯನ್ನು ಕುರಿತು.

ಆ ಮಾತು ನನ್ನ ಕಿವಿಗೆ ಬಿದ್ದ ಕೂಡಲೆ ನಲವತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿತು. ಭಾವನವರ ಬಟ್ಟೆಯ ಅಂಗಡಿ ಮುಳುಗಿಹೋಗಿದ್ದ ಕಾಲ ಅದು. ಸಾಲಗಾರರು ಬೆಳಗಾದರೆ ಬಾಗಿಲು ತಟ್ಟುತ್ತಿದ್ದರು. ಅಕ್ಕನಿಗೆ ಮೂರು ಮಕ್ಕಳು. ಕಡೆಯದಕ್ಕೆ ಹತ್ತು ತಿಂಗಳು. ಒಂದು ದಿನ ಅವಳು ಆ ಕೂಸನ್ನೆತ್ತಿಕೊಂಡು ಬಂದು, ನಮ್ಮ ಅಮ್ಮನ ಮಡಿಲಿನಲ್ಲಿ ಹಾಕಿ, ಆ ರಾತ್ರಿಯೇ ಹಿಂದಿರುಗಿ ಹೋದಳು. ಎಂಟು ತಿಂಗಳ ಕಾಲ ಕರೆದುಕೊಂಡು ಹೋಗಲಿಲ್ಲ. ಬಂಧುಬಳಗದವರು ಆಡಿಕೊಂಡರು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ. ಲೋಕದ ನ್ಯಾಯವೆಲ್ಲ ತಿಳಿದಿದೆಯೆಂಬ ವಯಸ್ಸು. ಅವಳು ಹೊರಟು ನಿಂತಿದ್ದಾಗ ಎಲ್ಲರೆದುರಿನಲ್ಲಿಯೂ, “ಹಕ್ಕಿಗಳು ಕೂಡ ತಮ್ಮ ಮರಿಗಳನ್ನು ಬಿಟ್ಟು ಹೋಗುವುದಿಲ್ಲ ಅಕ್ಕಾ” ಎಂದಿದ್ದೆನು. ಅವಳು ಉತ್ತರ ಕೊಡಲಿಲ್ಲ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡುದೂ ಇಲ್ಲ.

ಈಗ ನೋಡಿದರೆ ಹಕ್ಕಿಯೊಂದು ನನ್ನ ಕಣ್ಣೆದುರಿಗೇ ಬಿಟ್ಟು ಹೋಗಿತ್ತು! ಏಕೆ ಹೋಯಿತೆಂದು ತಿಳಿಯದೆ ನನಗೆ ನೆಮ್ಮದಿಯಾಗಲಿಲ್ಲ. ಪ್ರಾಣಿಶಾಸ್ತ್ರವನ್ನು ಕಲಿಸಿ ನಿವೃತ್ತರಾದ ನನ್ನ ಮಿತ್ರರೊಬ್ಬರನ್ನು ಕೇಳಿದೆನು. ಅವರು ನಕ್ಕು, “ಒಂದು ಗಂಟೆಯಲ್ಲಿ ಹೇಳಿ ಮುಗಿಯುವ ವಿಷಯವಲ್ಲ” ಎಂದು ಒಂದು ಕಟ್ಟು ಲೇಖನಗಳನ್ನು ಕೊಟ್ಟು ಕಳುಹಿಸಿದರು. ಅವುಗಳಿಂದ ನನಗೆ ತಿಳಿದುಬಂದ ಸಂಗತಿಗಳನ್ನು, ಹಕ್ಕಿ ಗೂಡುಕಟ್ಟುವ ಮನೆಗಳಲ್ಲಿ ವಾಸಿಸುವ ವಾಚಕರ ಮುಂದೆ ಇಡುತ್ತೇನೆ.

ಮೊದಲು ಎದುರುಮನೆಯ ಅಜ್ಜಿಯ ಮಾತು. ಮನುಷ್ಯರ ಕೈ ಸೋಂಕಿತೆಂಬ ಒಂದೇ ಕಾರಣದಿಂದ ಹಕ್ಕಿಗಳು ಮರಿಗಳನ್ನು ತ್ಯಜಿಸುವುದಿಲ್ಲ. ಹಕ್ಕಿಗಳನ್ನು ಅಭ್ಯಾಸಮಾಡುವ ವಿದ್ವಾಂಸರು ಸಾವಿರಾರು ಮರಿಗಳನ್ನು ಗೂಡಿನಿಂದ ತೆಗೆದು, ತೂಗಿ, ಕಾಲಿಗೆ ಬಳೆ ತೊಡಿಸಿ, ಮತ್ತೆ ಗೂಡಿನಲ್ಲಿಡುತ್ತಾರೆ. ಸಾಮಾನ್ಯವಾಗಿ ತಾಯಿತಂದೆಗಳು ಬಂದು ಮೊದಲಿನಂತೆಯೇ ಗುಟುಕು ಕೊಡುತ್ತವೆ. ಆದುದರಿಂದ ದೋಷವಿರುವುದು ಮುಟ್ಟಿನಲ್ಲಲ್ಲ, ಅದರೊಡನೆ ಬರುವ ಭಯದಲ್ಲಿ. ಅಜ್ಜಿಯ ಕಾರಣವು ಸರಿಯಲ್ಲದಿದ್ದರೂ ಮಕ್ಕಳನ್ನು ಗೂಡಿನಿಂದ ದೂರವಿಡಬೇಕೆಂಬ ಅವರ ಎಚ್ಚರಿಕೆಯು ಸರಿಯಾದುದೇ.

ಈ ಭಯವೆಂಬುದು ಹಕ್ಕಿಯ ಮನಸ್ಸಿನಲ್ಲಿ ಮಾತ್ರ ಇರತಕ್ಕದ್ದಲ್ಲ. ಅದರ ರಕ್ತದಲ್ಲಿ ಅಳೆದು ನೋಡಬಹುದಾದ ವಸ್ತು. ದೇಹದ ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದ ಮೂಲಕ ಹರಿದು, ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುವ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು ೧೯೦೫ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞರಾದ ಅರ್ನೆಸ್ಟ್ ಸ್ಟಾರ್ಲಿಂಗ್. ಹಕ್ಕಿಯು ಬೆಕ್ಕನ್ನು ಕಂಡಿತೆನ್ನಿ. ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಭಾಗವು ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳುಹಿಸುತ್ತದೆ. ಅದು ಮೂತ್ರಪಿಂಡಗಳ ಬಳಿಯಲ್ಲಿರುವ ಅಡ್ರಿನಲ್ ಗ್ರಂಥಿಗಳಿಗೆ ಆಜ್ಞೆಮಾಡುತ್ತದೆ. ಅವು ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಯಜಮಾನನು ಮಗನಿಗೂ, ಮಗನು ಉಗ್ರಾಣದವನಿಗೂ ಹೇಳಿ, ಉಗ್ರಾಣದ ಬಾಗಿಲು ತೆರೆಯುವಂತೆ ಇದು ನಡೆಯುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಸಕ್ಕರೆಯ ರೂಪದಲ್ಲಿ ಹೊರಬಂದು ರೆಕ್ಕೆಗಳಿಗೆ ಒದಗುತ್ತದೆ. ಕಾಡಿನ ಹಕ್ಕಿಯನ್ನು ಬಲೆಯಲ್ಲಿ ಹಿಡಿದರೆ ಸುಮಾರು ಮೂರು ನಿಮಿಷಗಳಲ್ಲಿಯೇ ಈ ರಸವು ರಕ್ತದಲ್ಲಿ ಏರತೊಡಗುತ್ತದೆ. ಆದುದರಿಂದ ಹಕ್ಕಿಯು ನೆಮ್ಮದಿಯಾಗಿದ್ದಾಗ ಅದರ ರಕ್ತದಲ್ಲಿ ಇದು ಎಷ್ಟಿದ್ದಿತೆಂದು ತಿಳಿಯಬೇಕಾದವರು, ಹಿಡಿದ ಮೂರು ನಿಮಿಷಗಳೊಳಗಾಗಿ ರೆಕ್ಕೆಯ ನಾಳದಿಂದ ಒಂದೆರಡು ಹನಿ ರಕ್ತವನ್ನು ತೆಗೆದುಕೊಳ್ಳಬೇಕು. ಆ ಮೇಲೆ ಅರ್ಧ ಗಂಟೆ ಅದನ್ನು ಬಟ್ಟೆಯ ಚೀಲದಲ್ಲಿಟ್ಟು, ಪುನಃ ರಕ್ತವನ್ನು ತೆಗೆದು, ಎಷ್ಟು ಏರಿತೆಂದು ನೋಡುತ್ತಾರೆ.

ಹಕ್ಕಿಗಳಲ್ಲಿ ಮರಿ ಸಾಕುವ ಬುದ್ಧಿಯನ್ನು ಪೋಷಿಸುವ ಹಾರ್ಮೋನು ಬೇರೊಂದಿದೆ. ಅದರ ಹೆಸರು ಪ್ರೊಲ್ಯಾಕ್ಟಿನ್. ನಮ್ಮ ಹೆಂಗಸರಲ್ಲಿ ಎದೆಹಾಲನ್ನು ಉಂಟುಮಾಡುವುದೂ ಇದೇ. ಹಾಲು ಕೊಡದ ಹಕ್ಕಿಯಲ್ಲಿ ಇದು ಕಾವು ಕೂರಿಸುತ್ತದೆ, ಗುಟುಕು ಕೊಡಿಸುತ್ತದೆ. ಮರಿ ಸಾಕುವ ಗಂಡುಹಕ್ಕಿಗಳಲ್ಲಿಯೂ ಅದು ಏರಿರುತ್ತದೆ. ಭಯವು ಬಂದಾಗ ಕಾರ್ಟಿಕೋಸ್ಟೆರೋನ್ ಏರುವುದೂ ಪ್ರೊಲ್ಯಾಕ್ಟಿನ್ ಇಳಿಯುವುದೂ ಅನೇಕ ಜಾತಿಯ ಹಕ್ಕಿಗಳಲ್ಲಿ ಕಂಡುಬಂದಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ತನ್ನ ಪ್ರಾಣ, ಇನ್ನೊಂದರಲ್ಲಿ ಮರಿಗಳು.

ಸ್ವೀಡನ್ ದೇಶದ ಬೆಂಗ್ಟ್ ಸಿಲ್ವೆರಿನ್ ಎಂಬ ವಿದ್ವಾಂಸರು ಈ ತಕ್ಕಡಿಯನ್ನು ತಮ್ಮ ಕೈಯಿಂದಲೇ ತೂಗಿ ನೋಡಿದರು. ಅಲ್ಲಿ ನೊಣಹಿಡುಕದ ಜಾತಿಯ ಒಂದು ಚಿಕ್ಕ ಹಕ್ಕಿಯಿದೆ. ಗಂಡು ಕಪ್ಪು ಬಿಳುಪು. ಮರದ ಪೊಟರೆಗಳಲ್ಲಿಯೂ, ಮನುಷ್ಯರು ತೂಗಹಾಕಿದ ಪೆಟ್ಟಿಗೆಗಳಲ್ಲಿಯೂ ಗೂಡುಮಾಡುತ್ತದೆ. ಮರಿಗಳಿಗೆ ಗುಟುಕು ಕೊಡುತ್ತಿದ್ದ ಹಕ್ಕಿಗಳ ಚರ್ಮದ ಕೆಳಗೆ ಸಿಲ್ವೆರಿನ್ನರು ಕಾರ್ಟಿಕೋಸ್ಟೆರೋನನ್ನು ಮೆಲ್ಲಮೆಲ್ಲಗೆ ಒಸರುವ ಸಣ್ಣ ಕೊಳವೆಗಳನ್ನು ಸೇರಿಸಿದರು. ಸುತ್ತಲೂ ಬೆಕ್ಕಿಲ್ಲ, ಬಿರುಗಾಳಿಯಿಲ್ಲ, ಆಹಾರಕ್ಕೆ ಕೊರತೆಯಿಲ್ಲ. ರಕ್ತದಲ್ಲಿ ಮಾತ್ರ ಅಪಾಯದ ಸುದ್ದಿ. ಈ ರಸವು ಮಧ್ಯಮ ಪ್ರಮಾಣದಲ್ಲಿ ಏರಿದ ಹಕ್ಕಿಗಳು ಗುಟುಕನ್ನು ಕಡಮೆಮಾಡಿದುವು, ಮರಿಗಳು ಬಡವಾದುವು. ಬಹಳವಾಗಿ ಏರಿದ ಹಕ್ಕಿಗಳು ಗೂಡನ್ನೇ ಬಿಟ್ಟು ಹೊರಟುಹೋದುವು. ಇದು ೧೯೮೬ರಲ್ಲಿ ಪ್ರಕಟವಾಯಿತು. ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಅದೇ ತಾಯಿ, ಅದೇ ಮರಿಗಳು, ಅದೇ ಗೂಡು. ಬದಲಾದುದು ರಕ್ತದಲ್ಲಿನ ಒಂದು ಅಂಶ. “ಎಂಥ ತಾಯಿ” ಎಂಬ ನನ್ನ ಪ್ರಶ್ನೆಗೆ ಇಲ್ಲಿ ಎಡೆಯೆಲ್ಲಿದೆ?

ಹಾಗಾದರೆ ಈ ರಸವು ತಾಯ್ತನಕ್ಕೆ ವಿಷವೇ ಎಂದು ವಾಚಕರು ಕೇಳಬಹುದು. ಅಲ್ಲ. ಸಾರಿಗೆ ಉಪ್ಪಿನಂತೆ ಅದು. ಹಿತಮಿತವಾಗಿದ್ದರೆ ಅದಿಲ್ಲದೆ ದುಡಿಮೆಯೇ ಸಾಗದು. ಕೆನಡಾದೇಶದಲ್ಲಿ ಟ್ರೀ ಸ್ವಾಲೋ ಎಂಬ ಕವಲುತೋಕೆಯ ಜಾತಿಯ ಹಕ್ಕಿಗಳ ಗೂಡುಗಳಿಗೆ ಫ್ರಾನ್ಸೆಸ್ ಬೊನಿಯರ್ ಮತ್ತು ಅವರ ಸಂಗಡಿಗರು ಹೆಚ್ಚಿನ ಮರಿಗಳನ್ನು ತಂದು ಸೇರಿಸಿದಾಗ, ಆ ತಾಯಂದಿರ ರಕ್ತದಲ್ಲಿ ಈ ರಸದ ಸಾಮಾನ್ಯ ಮಟ್ಟವೇ ಏರಿತೆಂದು ೨೦೧೧ರಲ್ಲಿ ವರದಿಯಾಯಿತು. ಬಾಯಿಗಳು ಹೆಚ್ಚಾದಾಗ ಹೆಚ್ಚು ಹಾರಬೇಕು. ಹಾರುವುದಕ್ಕೆ ಉಗ್ರಾಣವನ್ನು ತೆರೆಯಬೇಕು. ಸ್ವಲ್ಪ ಏರಿದ ರಸವು ದುಡಿಸುತ್ತದೆ. ಅತಿಯಾಗಿ ಏರಿದುದು ಗೂಡು ಬಿಡಿಸುತ್ತದೆ. ಒಂದೇ ರಸವು ಎರಡು ವಿರುದ್ಧ ಕೆಲಸಗಳನ್ನು ಮಾಡಬಲ್ಲುದಕ್ಕೆ ವಿದ್ವಾಂಸರು ಒಂದು ಕಾರಣವನ್ನು ಹೇಳುತ್ತಾರೆ. ಜೀವಕೋಶಗಳಲ್ಲಿ ಇದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಎರಡು ಬಗೆ. ಒಂದು ಬಗೆಯವು ರಸವು ಅಲ್ಪವಾಗಿದ್ದಾಗಲೇ ಅದನ್ನು ಹಿಡಿದು ನಿತ್ಯದ ಸಂಸಾರವನ್ನು ನಡೆಸುತ್ತವೆ. ಇನ್ನೊಂದು ಬಗೆಯವು ರಸವು ಉಕ್ಕಿ ಹರಿದಾಗ ಮಾತ್ರ ಎಚ್ಚತ್ತು ಆಪತ್ಕಾಲದ ಧರ್ಮವನ್ನು ಸಾರುತ್ತವೆ.

ಆಪತ್ಕಾಲವೆಂದೆನಷ್ಟೆ. ಅಮೆರಿಕದ ಜಾನ್ ವಿಂಗ್‌ಫೀಲ್ಡ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಈ ಅವಸ್ಥೆಗೆ ಅದೇ ಅರ್ಥದ ಹೆಸರನ್ನಿಟ್ಟರು. ಹಕ್ಕಿಯ ಬಾಳಿನಲ್ಲಿ ಗೂಡುಕಟ್ಟುವುದು, ಗರಿ ಉದುರಿಸುವುದು, ವಲಸೆಹೋಗುವುದು ಎಂಬ ಕ್ರಮವಾದ ಅವಸ್ಥೆಗಳಿರುವಂತೆ, ಆಪತ್ತು ಬಂದಾಗ ಅವೆಲ್ಲವನ್ನೂ ಬದಿಗೊತ್ತಿ ಪ್ರಾಣವನ್ನುಳಿಸಿಕೊಳ್ಳುವ ಅವಸ್ಥೆಯೂ ಒಂದುಂಟು. ಅದಕ್ಕೆ ಬಾಗಿಲು ತೆರೆಯುವುದರಲ್ಲಿ ಈ ರಸಕ್ಕೆ ಮುಖ್ಯಪಾತ್ರವಿದೆ. ತಾಯಿ ಸತ್ತರೆ ಮರಿಗಳೂ ಸಾಯುತ್ತವೆ. ತಾಯಿ ಉಳಿದರೆ ಮತ್ತೊಮ್ಮೆ ಗೂಡು ಕಟ್ಟೀತು. ಇದು ಲೆಕ್ಕಾಚಾರವೇ ಸರಿ. ಆದರೆ ಲೆಕ್ಕ ಹಾಕುವವಳು ಹಕ್ಕಿಯಲ್ಲ. ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿಯು ಹಾಕಿಟ್ಟ ಲೆಕ್ಕವನ್ನು ಅದರ ರಕ್ತವು ಓದುತ್ತದೆ, ಅಷ್ಟೆ.

ಈ ಲೆಕ್ಕವು ಎಲ್ಲ ಹಕ್ಕಿಗಳಿಗೂ ಒಂದೇ ಅಲ್ಲವೆಂಬುದನ್ನು ತಿಳಿಸಲು ನಮ್ಮ ಹಳೆಯ ನೆಂಟನಾದ ಗುಬ್ಬಚ್ಚಿಯೇ ಸಾಕ್ಷಿಯಾಗಿದೆ. ಫ್ರಾನ್ಸ್ ದೇಶದಲ್ಲಿ ಆಡಮ್ ಲೆಂಡ್ವಾಯಿ ಮತ್ತು ಸಂಗಡಿಗರು ಕೆಲವು ಗುಬ್ಬಿಯ ಗೂಡುಗಳಿಂದ ಮರಿಗಳನ್ನು ತೆಗೆದು ಬೇರೆ ಗೂಡುಗಳಿಗೆ ಸೇರಿಸಿದರು. ಬಳಿಕ ತಾಯಿತಂದೆಗಳನ್ನು ಹಿಡಿದು ಪರೀಕ್ಷಿಸಲಾಗಿ, ಹೆಚ್ಚು ಮರಿಗಳಿದ್ದ ಗುಬ್ಬಿಗಳಲ್ಲಿ ಭಯದ ರಸವು ಕಡಮೆ ಏರಿತು. ಕಡಮೆ ಮರಿಗಳಿದ್ದುವುಗಳಲ್ಲಿ ಹೆಚ್ಚು ಏರಿತು. ಇದು ೨೦೦೭ರ ಮಾತು. ಗೂಡಿನಲ್ಲಿ ಕಳೆದುಕೊಳ್ಳಬೇಕಾದುದು ಹೆಚ್ಚಿದ್ದಷ್ಟೂ ದೇಹವು ಭಯದ ಬಾಯನ್ನು ಮುಚ್ಚಿಡುತ್ತದೆ. ಎರಡು ವರ್ಷಗಳ ಅನಂತರ ವೆರೊನಿಕಾ ಬೊಕೊನಿ ಮೊದಲಾದವರು ೬೪ ಜಾತಿಯ ಹಕ್ಕಿಗಳನ್ನು ಹೋಲಿಸಿ ನೋಡಿದಾಗಲೂ ಹೀಗೆಯೇ ಕಂಡಿತು. ಆಯುಷ್ಯದಲ್ಲಿ ಗೂಡುಕಟ್ಟುವ ಅವಕಾಶಗಳು ಕೆಲವೇ ಇದ್ದು, ಈ ಸಲದ ಮರಿಗಳೇ ಬಹುಪಾಲು ಸಂಪತ್ತಾಗಿರುವ ಜಾತಿಗಳಲ್ಲಿ ರಸದ ಏರಿಕೆಯು ಅಲ್ಪ. ದೀರ್ಘಕಾಲ ಬಾಳಿ ಮತ್ತೆ ಮತ್ತೆ ಗೂಡು ಕಟ್ಟಬಲ್ಲ ಜಾತಿಗಳಲ್ಲಿ ಅದು ಅಧಿಕ.

ಇದನ್ನು ಓದುವಾಗ ನನಗೆ ನಮ್ಮ ಹಳ್ಳಿಯ ಮನೆಯ ನಡುಮನೆಯಲ್ಲಿ ತಾತನವರ ಪಟದ ಹಿಂದೆ ಇದ್ದ ಗುಬ್ಬಿಯ ಗೂಡಿನ ನೆನಪಾಯಿತು. ಅಕ್ಕನ ಮದುವೆಯ ದಿನ ಆ ಪಟದ ಕೆಳಗೇ ವಾಲಗದವರು ಕುಳಿತು ಊದುತ್ತಿದ್ದರು, ಡೋಲು ಬಡಿಯುತ್ತಿತ್ತು, ನೂರಾರು ಜನ ಓಡಾಡುತ್ತಿದ್ದರು. ಗುಬ್ಬಿಗಳು ಮಾತ್ರ ಕಿಟಕಿಯಿಂದ ಪಟಕ್ಕೆ, ಪಟದಿಂದ ಕಿಟಕಿಗೆ, ಏನೂ ನಡೆಯುತ್ತಿಲ್ಲವೆಂಬಂತೆ ಹಾರಾಡುತ್ತಿದ್ದುವು. ಎಷ್ಟೋ ತಲೆಮಾರುಗಳಿಂದ ಮನುಷ್ಯರ ಸೂರಿನಡಿ ಬಾಳಿದ ಆ ಹಕ್ಕಿಗೆ ನಮ್ಮ ಸದ್ದು ಅಪಾಯವಲ್ಲ. ಸದ್ದು ಹೆಚ್ಚೋ ಕಡಮೆಯೋ ಎಂಬುದು ಮುಖ್ಯವಲ್ಲ. ಅದು ಕೇಡನ್ನು ತರುತ್ತದೆಂದು ದೇಹವು ಎಣಿಸುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವನ್ನು ಕೊಟ್ಟುದು ಕೆನಡಾದ ಪಶ್ಚಿಮ ತೀರದ ಗಲ್ಫ್ ದ್ವೀಪಗಳ ಸಾಂಗ್ ಸ್ಪ್ಯಾರೋ ಎಂಬ ಹಾಡುಹಕ್ಕಿ. ಲಿಯಾನಾ ಜನೆಟ್ ಮತ್ತು ಅವರ ಸಂಗಡಿಗರು ಗೂಡುಗಳ ಸುತ್ತ ವಿದ್ಯುತ್ತಿನ ಬೇಲಿಯನ್ನೂ ಬಲೆಯನ್ನೂ ಕಟ್ಟಿ, ನಿಜವಾದ ಶತ್ರು ಒಳಹೊಗದಂತೆ ಕಾಪಾಡಿದರು. ಅನಂತರ ಕೆಲವು ಕಡೆ ಧ್ವನಿಯಂತ್ರಗಳಿಂದ ಹಕ್ಕಿಗಳನ್ನು ತಿನ್ನುವ ಪ್ರಾಣಿಗಳ ಕೂಗುಗಳನ್ನೂ, ಕೆಲವು ಕಡೆ ಅಪಾಯವಿಲ್ಲದ ಪ್ರಾಣಿಗಳ ಕೂಗುಗಳನ್ನೂ ಇಡೀ ಋತುವಿನಲ್ಲಿ ಆಗಾಗ ಕೇಳಿಸಿದರು. ಒಂದು ಹಕ್ಕಿಯನ್ನೂ ಯಾರೂ ತಿನ್ನಲಿಲ್ಲ, ಮುಟ್ಟಲೂ ಇಲ್ಲ. ಆದರೂ ಶತ್ರುವಿನ ಧ್ವನಿಯನ್ನು ಕೇಳಿದ ತಾಯಂದಿರು ಕಡಮೆ ಮೊಟ್ಟೆಗಳನ್ನಿಟ್ಟುವು. ಕಾವಿನಿಂದ ಮೇಲಿಂದ ಮೇಲೆ ಎದ್ದುಹೋದುವು. ಮರಿಗಳಿಗೆ ಗುಟುಕನ್ನು ಕಡಮೆಮಾಡಿದುವು. ಇಟ್ಟ ಮೊಟ್ಟೆಗಳಲ್ಲಿ ಒಡೆದುವು ಕಡಮೆ, ಒಡೆದ ಮರಿಗಳಲ್ಲಿ ಬದುಕಿದುವು ಕಡಮೆ. ಋತುವಿನ ಕೊನೆಯಲ್ಲಿ ಲೆಕ್ಕಹಾಕಿದಾಗ ಅವುಗಳ ಸಂತಾನವು ಶೇಕಡಾ ೪೦ರಷ್ಟು ಇಳಿದಿತ್ತು. ಇದು ೨೦೧೧ರಲ್ಲಿ ಪ್ರಕಟವಾಯಿತು. ಇದೇ ಜಾತಿಯ ಹಕ್ಕಿಗಳಲ್ಲಿ, ಶತ್ರುಗಳು ಹೆಚ್ಚಾಗಿಯೂ ಆಹಾರವು ಕಡಮೆಯಾಗಿಯೂ ಇರುವ ಸ್ಥಳಗಳಲ್ಲಿ ಕಾರ್ಟಿಕೋಸ್ಟೆರೋನ್ ಹೆಚ್ಚಾಗಿರುತ್ತದೆಂಬುದನ್ನು ಮೈಕೇಲ್ ಕ್ಲಿಂಚಿ ಮತ್ತು ಸಂಗಡಿಗರು ೨೦೦೪ರಲ್ಲಿಯೇ ತೋರಿಸಿದ್ದರು.

ಬರಿಯ ಧ್ವನಿ! ಬಾಗಿಲು ತಟ್ಟುವ ಧ್ವನಿ ಎಂದು ನನಗೆ ಹೊಳೆದುದು ಆ ಪುಟವನ್ನು ಓದುವಾಗ.

ತಾಯಿಯ ಭಯವು ಮರಿಗಳಿಗೂ ಬಳುವಳಿಯಾಗಿ ಹೋಗುತ್ತದೆ. ನಮ್ಮ ಗೊರವಂಕದ ಬಂಧುವಾದ ಸ್ಟಾರ್ಲಿಂಗ್ ಹಕ್ಕಿಯ ಮೊಟ್ಟೆಯ ಭಂಡಾರದಲ್ಲಿ ಈ ರಸವು ಹೆಚ್ಚಾಗಿದ್ದರೆ, ಅದರಿಂದ ಬಂದ ಗಂಡುಮರಿಗಳು ಚಿಕ್ಕವಾಗಿ, ಬಡವಾಗಿ ಬೆಳೆಯುತ್ತವೆಂದು ಕೆನಡಾದ ಆಲಿವರ್ ಲವ್ ಮತ್ತು ಟೋನಿ ವಿಲಿಯಮ್ಸ್ ಕಂಡುಕೊಂಡರು. ಕೇಳಿದೊಡನೆ ಇದು ಅನ್ಯಾಯವೆನಿಸುತ್ತದೆ. ಆದರೆ ತಾಯಿಗೇ ಶಕ್ತಿ ಕುಂದಿದ್ದಾಗ, ಕಡಮೆ ಬೇಡುವ ಸಂಸಾರವನ್ನು ಅವಳು ನಿಭಾಯಿಸಬಲ್ಲಳು. ಅವಳ ಪ್ರಾಣವೂ ಉಳಿಯುತ್ತದೆ. ಬಡವನ ಮನೆಯಲ್ಲಿ ಚಿಕ್ಕ ಪಾತ್ರೆಯಲ್ಲಿಯೇ ಅನ್ನವಿಡುವಂತೆ ಇದು. ಇನ್ನೊಂದು ಸಂಗತಿ. ನಮ್ಮ ರಾಟವಾಳಗಳ ಬಂಧುವಾದ ಝೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯು ಗೂಡಿನಲ್ಲಿದ್ದಾಗ ಅರೆಹೊಟ್ಟೆ ಉಂಡರೆ, ಇಲ್ಲವೆ ಅದಕ್ಕೆ ಈ ರಸವನ್ನು ತಿನ್ನಿಸಿದರೆ, ದೊಡ್ಡದಾದ ಮೇಲೆ ಅದರ ಹಾಡು ಮೊಟಕಾಗಿಯೂ ಸಾದಾ ಆಗಿಯೂ ಇರುತ್ತದೆಂದು ಕ್ಯಾರೆನ್ ಸ್ಪೆನ್ಸರ್ ಮೊದಲಾದವರು ೨೦೦೩ರಲ್ಲಿ ತೋರಿಸಿದರು. ಗಂಡಿನ ಹಾಡನ್ನು ಕೇಳಿ ವರಿಸುವ ಹೆಣ್ಣು, ಆ ಹಾಡಿನಲ್ಲಿ ಅವನ ಬಾಲ್ಯದ ಕಷ್ಟವನ್ನೂ ಕೇಳಿಸಿಕೊಳ್ಳುತ್ತದೆಯೆಂದಾಯಿತು.

ಹಕ್ಕಿಗಳಿಂದ ಮನುಷ್ಯರಿಗೆ ಹಾರಿಬಿಡುವುದು ಸುಲಭ, ಆದರೆ ಸರಿಯಲ್ಲ. ನನ್ನ ಮಿತ್ರರು ಇದನ್ನು ಎರಡೆರಡು ಸಲ ಎಚ್ಚರಿಸಿದರು. ನಮ್ಮಲ್ಲಿ ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಅದೇ ಕುಲದ ಕಾರ್ಟಿಸಾಲ್ ಎಂಬ ಹಾರ್ಮೋನು. ಆದರೆ ಮನುಷ್ಯರಿಗೆ ನೆನಪಿದೆ, ಮಾತಿದೆ, ಮಾನವಿದೆ, ಮಗುವನ್ನು ಕೊಂಡೊಯ್ದು ಹಾಕಲು ಅಮ್ಮನ ಮಡಿಲಿದೆ. ಒಂದು ರಸದ ಏರಿಳಿತದಿಂದ ಒಬ್ಬ ಹೆಂಗಸಿನ ಬಾಳನ್ನು ವಿವರಿಸಿಬಿಡುತ್ತೇನೆಂಬುದು ಅಹಂಕಾರ. ಹಾಗಿದ್ದರೂ, ಹಕ್ಕಿಗಳ ಹೆಸರನ್ನು ಹೇಳಿ ಅವಳನ್ನು ನಿಂದಿಸಿದವನು ನಾನು. ಸುಳ್ಳು ಸಾಕ್ಷಿಯನ್ನು ತಂದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದುದು ನ್ಯಾಯವಷ್ಟೆ.

ವೈಶಾಖದ ಒಂದು ಮಧ್ಯಾಹ್ನ ಅಕ್ಕನು ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಹುಣಿಸೆಹಣ್ಣಿನ ಬೀಜವನ್ನು ಬಿಡಿಸುತ್ತಿದ್ದಳು. ನಾನೂ ಹೋಗಿ ಬಳಿಯಲ್ಲಿ ಕುಳಿತೆನು. “ಅಕ್ಕಾ, ಬಹಳ ಹಿಂದೆ ನಾನು ನಿನಗೊಂದು ಮಾತು ಆಡಿದ್ದೆ, ಹಕ್ಕಿಗಳ ವಿಷಯವಾಗಿ. ಅದು ತಪ್ಪು. ಹಕ್ಕಿಗಳೂ ಬಿಟ್ಟು ಹೋಗುತ್ತವೆ” ಎಂದೆನು.

“ಯಾವ ಮಾತೋ? ನನಗೇನೂ ನೆನಪಿಲ್ಲ” ಎಂದು ಅವಳು ಕೈಕೆಲಸವನ್ನು ಮುಂದುವರಿಸಿದಳು. ಒಂದು ಹಿಡಿ ಬೀಜ ಬಿಡಿಸುವಷ್ಟು ಹೊತ್ತು ಕಳೆಯಿತು. ಆ ಮೇಲೆ, “ನಡುಮನೆಯ ಕಂಬಕ್ಕೆ ಒರಗಿಕೊಂಡು ನಿಂತಿದ್ದೆ ನೀನು. ನೀಲಿಯ ಅಂಗಿ ಹಾಕಿಕೊಂಡಿದ್ದೆ” ಎಂದಳು.

ನನಗೆ ತಲೆಯೆತ್ತಲಾಗಲಿಲ್ಲ. ಅವಳೇ ಮ���ಂದುವರಿಸಿದಳು: “ಬಾಗಿಲು ತಟ್ಟಿದ ಸದ್ದಾದರೆ ಸಾಕು, ಎದೆಯಲ್ಲಿದ್ದ ಹಾಲು ನಿಂತುಹೋಗುತ್ತಿತ್ತು ಕಣೋ. ಮಗು ಅಳುತ್ತಿದ್ದರೆ, ಯಾರ ಮನೆಯದೋ ಮಗು ಅಳುತ್ತಿದೆ ಅನ್ನಿಸುತ್ತಿತ್ತು. ದೊಡ್ಡವೆರಡು ಹೇಗೋ ನನ್ನ ಸೆರಗು ಹಿಡಿದುಕೊಂಡು ಬದುಕುತ್ತಿದ್ದುವು. ಇದು ಅಮ್ಮನ ಹತ್ತಿರವಾದರೆ ಬದುಕೀತೆಂದು ಬಿಟ್ಟೆ. ಬಸ್ಸಿನಲ್ಲಿ ಹಿಂದಕ್ಕೆ ಹೋಗುವಾಗ ಅಳು ಕೂಡ ಬರಲಿಲ್ಲ ನನಗೆ. ಅದೇ ನನಗೆ ಹೆದರಿಕೆಯಾಗಿದ್ದು.”

ಎಂಟು ತಿಂಗಳಾದ ಮೇಲೆ, ಭಾವನವರಿಗೆ ಒಂದು ಗುಮಾಸ್ತೆಯ ಕೆಲಸ ಸಿಕ್ಕಿ, ಬಾಗಿಲು ತಟ್ಟುವವರು ನಿಂತ ತಿಂಗಳಿನಲ್ಲಿಯೇ ಅವಳು ಬಂದು ಮಗುವನ್ನು ಕರೆದುಕೊಂಡು ಹೋದಳೆಂಬುದು ನನಗೆ ಆಗಲೂ ಗೊತ್ತಿತ್ತು. ಅದರ ಅರ್ಥವನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಆ ಕೂಸು ಈಗ ಎರಡು ಮಕ್ಕಳ ತಂದೆ. ವಾರಕ್ಕೊಮ್ಮೆ ತಾಯಿಗೆ ಫೋನು ಮಾಡದೆ ಇರುವವನಲ್ಲ.

ಸಂಕಟದಲ್ಲಿರುವ ತಾಯಿಗೆ ನಾವು ಸಾಮಾನ್ಯವಾಗಿ ಕೊಡುವುದು ಬುದ್ಧಿವಾದ. ಆ ಹಾಡುಹಕ್ಕಿಗೆ ಬುದ್ಧಿವಾದದಿಂದ ಏನೂ ಆಗುತ್ತಿರಲಿಲ್ಲ, ಧ್ವನಿಯಂತ್ರವನ್ನು ನಿಲ್ಲಿಸಬೇಕಾಗಿತ್ತು. ಅಂದು ನಮ್ಮ ಮನೆಯವರಲ್ಲಿ ಒಬ್ಬರಾದರೂ ಹೋಗಿ ಅಕ್ಕನ ಬಾಗಿಲಿನಲ್ಲಿ ಸಾಲಗಾರರೊಡನೆ ನಾಲ್ಕು ಮಾತನಾಡಿದ್ದರೆ, ನನ್ನ ಅಂದಿನ ಭಾಷಣಕ್ಕಿಂತ ಅದು ಸಾವಿರ ಪಾಲು ಮೇಲಾಗಿರುತ್ತಿತ್ತು.

ಜ್ಯೇಷ್ಠದಲ್ಲಿ, ಮೊದಲ ಮಳೆಗಳು ಬಿದ್ದ ಮೇಲೆ, ಒಂದು ಜೊತೆ ಪಿಕಳಾರಗಳು ಗೇಟಿನ ಪಕ್ಕದ ದಾಸವಾಳದ ಗಿಡದಲ್ಲಿ ಗೂಡು ಕಟ್ಟತೊಡಗಿದುವು. ಮೊದಲಿನ ಜೋಡಿಯೇ ಹೌದೋ ಅಲ್ಲವೋ ಹೇಳಲಾರೆನು. ಹೌದೆಂದು ನನ್ನ ಹೆಂಡತಿಯ ನಿಶ್ಚಯ. ಈ ಸಲ ನಾವು ಮಾಡಿದುದು ಬಹು ಸ್ವಲ್ಪ. ಆ ಗಿಡದ ಕೊಂಬೆಗಳನ್ನು ಸವರುವುದನ್ನು ಮುಂದಕ್ಕೆ ಹಾಕಿದೆವು. ಗೂಡಿನ ಎದುರಿಗೆ ನಿಂತು ನೋಡುವುದನ್ನು ಬಿಟ್ಟು, ಒಳಗಿನ ಕಿಟಕಿಯ ಪರದೆಯ ಸಂದಿನಿಂದ ನೋಡುವ ಕ್ರಮವನ್ನು ಇಟ್ಟುಕೊಂಡೆವು. ಬೆಕ್ಕು ಕೂರುತ್ತಿದ್ದ ಗೋಡೆಯ ಮೇಲೆ ಮುಳ್ಳಿನ ಬೋಗನ್‌ವಿಲ್ಲಾ ಕೊಂಬೆಗಳನ್ನಿಟ್ಟೆವು. ರಾತ್ರಿ ಗೇಟಿನ ದೀಪವನ್ನು ಆರಿಸಿದೆವು. ಹಕ್ಕಿ ಗೂಡುಕಟ್ಟಿದ ಯಾವ ಮನೆಯವರಾದರೂ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವು. ಅದೂ ಮೂರು ನಾಲ್ಕು ವಾರಗಳ ಮಟ್ಟಿಗೆ ಮಾತ್ರ.

ಎರಡು ಮರಿಗಳು ಹಾರಿಹೋದುವು. ಮೂರನೆಯ ಮೊಟ್ಟೆ ಒಡೆಯಲೇ ಇಲ್ಲ.

ಮೊಟ್ಟೆಗಳಿದ್ದ ಕಾಲದಲ್ಲಿ ಒಂದು ಬೆಳಗ್ಗೆ ನಾನು ಹಾಲು ತರಲು ಹೊರಟಾಗ ಗೇಟಿನ ಬಳಿ ಅಕ್ಕನು ಬಗ್ಗಿ ನಿಂತಿದ್ದಳು. ಅವಳ ಎಡಗೈಯಲ್ಲಿ ಕೊಬ್ಬರಿಯೆಣ್ಣೆಯ ಬಟ್ಟಲು, ಬಲಗೈಯಲ್ಲಿ ಒಂದು ಕೋಳಿಯ ಗರಿ. ಆ ಗೇಟು ತೆರೆದಾಗಲೆಲ್ಲ ಕಿರ್ರೆನ್ನುತ್ತಿತ್ತು. ಎಷ್ಟೋ ವರ್ಷಗಳಿಂದ ಹಾಗೆಯೇ ಇದ್ದು ನಮಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಅವಳು ಕೀಲಿಗೆ ಎಣ್ಣೆ ಸವರಿ, ಗೇಟನ್ನು ಮೆಲ್ಲನೆ ತಳ್ಳಿ ನೋಡಿ, ಮತ್ತೆ ಸ್ವಲ್ಪ ಎಣ್ಣೆ ಬಿಟ್ಟು, ನನಗೆ ಹೋಗೆಂದು ಕೈಸನ್ನೆ ಮಾಡಿದಳು.